ಗೋಡೆಯ ಮೇಲಿನ ಹೆಂಗಸರು ಯಾರಿಗೆ ಅಳುತ್ತಿದ್ದರು

ಆ ವರ್ಷ ಘೋಡಗೇರಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ, ಇಂಗ್ಲಿಷ್ ಎರಡೂ ಹುದ್ದೆ ಖಾಲಿ ಇದ್ದವು. ಎರಡಕ್ಕೂ ಸೇರಿ ಅವರಿಗೆ ಸಿಕ್ಕ ಅತಿಥಿ ಶಿಕ್ಷಕಿ ನಾನೊಬ್ಬಳೇ. ಎಂಟನೆಯ ತರಗತಿಗೆ ಮಧ್ಯಾಹ್ನದ ಊಟದ ಮೇಲೆ ನನ್ನ ಎರಡು ಪೀರಿಯಡ್‌ಗಳು ಒಂದರ ಬೆನ್ನಿಗೆ ಒಂದು ಬಿದ್ದಿದ್ದವು. ನಡುವೆ ಗಂಟೆ ಹೊಡೆದಾಗ ಹೊರಗೆ ಹೋಗಿ ಮತ್ತೆ ಅದೇ ಬಾಗಿಲಿನಿಂದ ಒಳಗೆ ಬರುವುದು ನನಗೇ ನಗು ತರಿಸುತ್ತಿತ್ತು. ಎರಡನೆಯ ವಾರದಿಂದ ಹೋಗುವುದನ್ನೇ ಬಿಟ್ಟೆ. ಎಂಬತ್ತು ನಿಮಿಷದ ಒಂದೇ ತರಗತಿಯಾಯಿತು.

ಇತಿಹಾಸದ ಪುಸ್ತಕದಲ್ಲಿ ಜಗತ್ತಿನ ಹಳೆಯ ನಾಗರಿಕತೆಗಳು ಬರುತ್ತವೆ. ಒಂದೊಂದಕ್ಕೂ ಎರಡು ಮೂರು ಪುಟ. ನದಿ, ರಾಜರು, ಲಿಪಿ, ಕಡೆಗೆ ಕೊಡುಗೆಗಳು. ಮಕ್ಕಳು ಕೊಡುಗೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವಾಗ ಕಣ್ಣು ಕಿಟಕಿಯ ಹೊರಗೆ ಇರುತ್ತಿತ್ತು. ನಾನು ಅವರ ನೋಟ್‌ಬುಕ್ಕಿನ ಎದುರುಬದುರು ಪುಟಗಳನ್ನು ಒಂದೇ ಪಾಠಕ್ಕೆ ಹಂಚಿದೆ. ಎಡಗಡೆ ಇತಿಹಾಸ: ನಮಗೆ ಏನು ಗೊತ್ತು, ಹೇಗೆ ಗೊತ್ತು. ಬಲಗಡೆ ಸಾಹಿತ್ಯ: ಆ ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡ ಕಥೆ, ಹಾಡು, ಪ್ರಾರ್ಥನೆ. ಬಲಗಡೆಯ ಪುಟಕ್ಕೆ ಬೇಕಾದದ್ದನ್ನು ನಾನು ಮನೆಯಲ್ಲಿ ಫೋನಿನಲ್ಲಿ ಹುಡುಕಿ ಓದಿ, ಸರಳ ಕನ್ನಡದಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಗೋಕಾಕದಿಂದ ಬಸ್ಸಿನಲ್ಲಿ ಬರುವಾಗ ಆ ಹಾಳೆಗಳನ್ನು ಮತ್ತೊಮ್ಮೆ ಓದಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಅದನ್ನು ಕೋರ್ಟಿನ ಕಾಗದವೆಂದು ತಿಳಿದು ಒಂದೆರಡು ಸಲ ಮರುಕಪಟ್ಟದ್ದೂ ಉಂಟು.

ಸ್ಟಾಫ್ ರೂಮಿನಲ್ಲಿ ಆರು ಕುರ್ಚಿಗಳಿದ್ದವು, ಆರೂ ಮೊದಲೇ ಇದ್ದವರವು. ನನಗೆ ಕಪಾಟಿನ ಪಕ್ಕದ ಸ್ಟೂಲು. ಯಾರೂ ನನ್ನನ್ನು ಹಗುರಾಗಿ ಕಂಡರೆಂದು ಹೇಳಲಾರೆ. ಅವರ ಮಾತು ವರ್ಗಾವಣೆ, ಬಡ್ತಿ, ಮಗಳ ಸೀಟು ಎಂದು ಹರಿಯುತ್ತಿತ್ತು, ಅದರಲ್ಲಿ ನಾನು ಕಾಲಿಡಲು ಜಾಗವಿರಲಿಲ್ಲ, ಅಷ್ಟೇ. ನಮ್ಮ ಮನೆಮಾತು ಉರ್ದು. ಬೆಳಗಾವಿಯಲ್ಲಿ ಕಲಿತದ್ದು ಸಿಸ್ಟರ್‌ಗಳ ಇಂಗ್ಲಿಷಿನಲ್ಲಿ. ಕನ್ನಡ ನನಗೆ ಬಹುಪಾಲು ಪುಸ್ತಕದಿಂದ ಬಂದದ್ದು. "ಟೀಚರ್, ನೀವು ಮಾತಾಡಾಕ ಹತ್ತಿದ್ರ ರೇಡಿಯೋ ಹಚ್ಚಿದಂಗ ಆಕ್ಕೇತ್ರಿ," ಎಂದು ಕನ್ನಡದ ಸರ್ ಒಮ್ಮೆ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಡಬ್ಬಿಯನ್ನು ಎಂಟನೆಯ ತರಗತಿಯ ಖಾಲಿ ಕೋಣೆಗೆ ಒಯ್ದು ಅಲ್ಲೇ ಉಣ್ಣತೊಡಗಿದೆ. ಬೋರ್ಡಿನ ಮೇಲೆ ಬೆಳಗಿನ ಗಣಿತ ಹಾಗೇ ಇರುತ್ತಿತ್ತು. ಅದನ್ನು ಓದುತ್ತ ಉಣ್ಣುತ್ತಿದ್ದೆ.

ಈಜಿಪ್ಟಿನ ಪಾಠಕ್ಕಾಗಿ ನಾನೊಂದು ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ಒಂದು ಗೋರಿಯ ಗೋಡೆಯ ಮೇಲೆ ಬಿಡಿಸಿದ್ದು. ಬಿಳಿ ಬಟ್ಟೆಯ ಹೆಂಗಸರ ಗುಂಪು, ಎಲ್ಲರ ಕೈಗಳೂ ಮೇಲಕ್ಕೆ, ಕಣ್ಣಿನಿಂದ ಕೆಳಗೆ ಚುಕ್ಕಿ ಚುಕ್ಕಿಯಾಗಿ ನೀರು. ನಡುವೆ ಒಬ್ಬಳು ಸಣ್ಣ ಹುಡುಗಿ. ಕೆಳಗೆ ಬರೆದದ್ದು ಎರಡೇ ಶಬ್ದ: ಅಳುತ್ತಿರುವ ಸ್ತ್ರೀಯರು.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕುರಿ ಸಾಕುವ ಮನೆತನದವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು.

"ಟೀಚರ್ ರಿ, ಇವ್ರು ನಮ್ಮಾಯಿ ಹಂಗ ಅಳಾಕತ್ತಾರ್ರಿ."

ಆಯಿ ಎಂದರೆ ಇಲ್ಲಿ ಅಜ್ಜಿ. ಅವಳ ಆಯಿ ಹಾಡ್ಯಾಡಿ ಅಳುವುದರಲ್ಲಿ ಹೆಸರಾದವಳಂತೆ. ಊರಲ್ಲಿ ಯಾರಾದರೂ ಸತ್ತರೆ ಹೆಣದ ಪಕ್ಕ ಕುಳಿತು, ಸತ್ತವರ ಬಾಳನ್ನೆಲ್ಲ ಹಾಡಿನ ಹಾಗೆ ಹೇಳಿ ಹೇಳಿ ಅಳುವುದು. "ಅವ್ರು ಏನ ತಿಂತಿದ್ರು, ಹೆಂಗ ನಡೀತಿದ್ರು, ಎಲ್ಲಾ ಹೇಳತಾಳ್ರಿ. ಮೇಲವಂಕಿ ತನಾ ಕರೀತಾರ್ರಿ ಆಕೀನ," ಎಂದಳು ಹುಡುಗಿ. ಹಿಂದಿನ ಬೆಂಚಿನಿಂದ ಯಾರೋ ಸಣ್ಣಗೆ ಅತ್ತಂತೆ ಮಾಡಿದರು, ತರಗತಿ ನಕ್ಕಿತು. ಅವಳು ತಿರುಗಿ ನೋಡಿ, "ನಿಮ್ಮ ಮುತ್ಯಾ ಸತ್ತಾಗ ಆಕಿನ ಅತ್ತಾಳ. ನೀ ಆವಾಗ ಚುರಮುರಿ ತಿನ್ನಾಕತ್ತಿದ್ದಿ," ಎಂದಳು. ನಗು ನಿಂತಿತು.

ನನಗೆ ಆ ಕ್ಷಣದಲ್ಲಿ ಆದ ಸಂತೋಷವನ್ನು ಹೇಗೆ ಹೇಳಲಿ. ಮೂರು ಸಾವಿರ ವರ್ಷಗಳಾಚೆಯ ಗೋಡೆಯೊಂದು ಹುಕ್ಕೇರಿ ತಾಲೂಕಿನ ಒಂದು ಬೆಂಚಿಗೆ ತಾಗಿತ್ತು. ಎಡಪುಟ, ಬಲಪುಟ ಎರಡೂ ತಾವಾಗಿಯೇ ತುಂಬಿದ್ದವು. ಆ ಸಂತೋಷದಲ್ಲಿ ನಾನು ಮನೆಪಾಠ ಕೊಟ್ಟೆ. ನಿಮಗೆ ಬಹಳ ಬೇಕಾದವರೊಬ್ಬರನ್ನು ನೆನೆದು, ಆಯಿ ಹಾಡ್ಯಾಡಿ ಅಳುವ ಹಾಗೆ ಹತ್ತು ಸಾಲು ಬರೆದುಕೊಂಡು ಬನ್ನಿ ಎಂದೆ.

ತೀರಿಕೊಂಡವರನ್ನು ನೆನೆದು ಎಂದು ನಾನು ಹೇಳಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಸತ್ತವರಿಗಾಗಿ ದನಿ ಎತ್ತಿ ಅಳುವುದು ಸರಿಯಲ್ಲ ಎಂದೇ ಬೆಳೆಸಿದ್ದರು, ಕುಳಿತು ಕುರಾನ್ ಓದುತ್ತಿದ್ದೆವು. ಸಿಸ್ಟರ್‌ಗಳ ಶಾಲೆಯಲ್ಲಿ ಅಳುವವರನ್ನು ಮೆಲ್ಲಗೆ ಹೊರಗೆ ಕರೆದೊಯ್ದು ನೀರು ಕುಡಿಸುತ್ತಿದ್ದರು. ಹಾಡ್ಯಾಡಿ ಅಳುವುದು ನನಗೆ ಒಂದು ಸಾಹಿತ್ಯದ ಬಗೆಯಾಗಿ ಕಂಡಿತ್ತು.

ಮರುದಿನ ಮೂವತ್ತೆರಡರಲ್ಲಿ ಇಪ್ಪತ್ತು ಮಕ್ಕಳು ಬರೆದುಕೊಂಡು ಬಂದಿದ್ದರು. ಬಹುಪಾಲು ಬದುಕಿದ್ದವರ ಬಗ್ಗೆ. ಅವ್ವ, ಅಕ್ಕ, ಹೈನು ಮಾಡುವ ಕಾಕಾ. ಮೂರನೆಯ ಬೆಂಚಿನ ಹುಡುಗಿ ಬಂದಿರಲಿಲ್ಲ.

ಅವಳು ಬರೆದದ್ದು ಕುರಿ ಹೊಡೆದುಕೊಂಡು ಹೋದ ಅಣ್ಣನ ಮೇಲೆ. ಮಳೆಗಾಲದ ಕೆಸರಿನಲ್ಲಿ ಕುರಿಗಳ ಗೊರಸು ಕೊಳೆಯುತ್ತದೆಂದು ಆ ಮನೆಯವರು ಮಂದೆಯನ್ನು ಮೂಡಲಗಿಯಾಚೆಯ ಒಣ ಹೊಲಗಳಿಗೆ ಒಯ್ಯುತ್ತಾರೆ. ಅವಳು ಸಂಜೆ ಹೊಸ್ತಿಲ ಮೇಲೆ ಕುಳಿತು ತಾನು ಬರೆದದ್ದನ್ನು ಆಯಿಯ ಧಾಟಿಯಲ್ಲೇ ಹಾಡಿ ನೋಡಿದ್ದಾಳೆ. ಒಳಗಿದ್ದ ತಾಯಿಗೆ ಮಗನ ಹೆಸರು ಆ ಧಾಟಿಯಲ್ಲಿ ಕೇಳಿದೆ. ಫೋನು ಹಚ್ಚಿದರೆ ಅವನ ಫೋನು ಬಂದ್. ಅದಕ್ಕೆ ಚಾರ್ಜು ಇರಲಿಲ್ಲ, ಅಷ್ಟೇ. ಆದರೆ ಅದು ಗೊತ್ತಾಗುವಷ್ಟರಲ್ಲಿ ಒಂದೂವರೆ ದಿನ ಕಳೆದಿತ್ತು. ಅವಳ ಅಪ್ಪ ಮೋಟರ್ ಸೈಕಲ್ ಹತ್ತಿ ಹೊಲ ಹೊಲ ಹುಡುಕಿದ್ದ, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಹುಡುಗ ಒಂದು ಬೇವಿನ ಗಿಡದ ಕೆಳಗೆ ಕುರಿಗೆ ಔಷಧಿ ಹಾಕುತ್ತಿದ್ದನಂತೆ.

ಇದನ್ನೆಲ್ಲ ಅದರ ಮರುದಿನ ನನಗೆ ಹೇಳಿದ್ದು ಹೆಡ್ ಮಾಸ್ತರರ ಕೋಣೆಯಲ್ಲಿ ನಿಂತಿದ್ದ ಅವಳ ಅಪ್ಪ. ಸಿಟ್ಟು ಅವನ ದನಿಯಲ್ಲಿ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದ, ಕಾಲಿಗೆ ಎರಡು ಬಗೆಯ ಮಣ್ಣು ಹತ್ತಿತ್ತು, ಕೆಂಪು ಮತ್ತು ಕರಿ.

"ಹುಡುಗೀನ ಬಿಡಿಸೇವ್ರಿ," ಎಂದ. "ನಮ್ಮವ್ವ ಅಂದಾಳ, ಬದುಕಿದ್ದಾವಗ ಅಳಾಕ ಕಲಸು ಸಾಲಿ ನಮಗ ಬ್ಯಾಡ ಅಂತ."

ಅವನು ಹೋದ ಮೇಲೆ ಹೆಡ್ ಮಾಸ್ತರರು ಕನ್ನಡಕ ಒರೆಸುತ್ತ ಕುಳಿತರು. "ಟೀಚರ್, ಗೈಡ್ ಐತಿ, ಪ್ರಶ್ನಿ ಅದಾವ, ಉತ್ತರ ಅದಾವ. ಸುಮ್ನ ಬರಸ್ರಿ. ಅರ್ಧ ವಾರ್ಷಿಕ ಪರೀಕ್ಷಿ ಹದಿನೈದು ದಿನಾ ಉಳದೈತಿ."

"ಹುಡುಗಿ, ಸರ್?"

"ಒಂದ್ ಹುಡುಗಿ ಹ್ವಾದ್ರ ಉಳದ ಮೂವತ್ತೊಂದು ಅದಾವಲ್ರಿ. ಎರಡ ತಿಂಗಳು ಬಿಟ್ರ ಆ ಮನ್ಯಾವ್ರ ಲಗ್ನದ ಮಾತ ತಗೀತಾರ. ನಾ ಇಪ್ಪತ್ತ ವರ್ಷ ಇದನ್ನ ನೋಡೇನಿ." ಅವರು ಕ್ರೂರವಾಗಿ ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು.

ಆ ದಿನ ಮನೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ. ಯಜಮಾನರು ಅಂಗಡಿಯಿಂದ ಬಂದವರು ಉಣ್ಣುತ್ತ, "ಶಾಲೆ ಹೇಗೆ ನಡೆದಿದೆ?" ಎಂದು ಉರ್ದುವಿನಲ್ಲಿ ಕೇಳಿದರು. "ಚೆನ್ನಾಗಿದೆ," ಎಂದೆ. ಅವರು ಟಿವಿಯ ಕಡೆ ತಿರುಗಿದರು. ಹದಿಮೂರು ವರ್ಷದ ಹುಡುಗಿಯೊಬ್ಬಳ ಓದನ್ನು ನಾನು ಹತ್ತು ಸಾಲಿನ ಮನೆಪಾಠದಿಂದ ನಿಲ್ಲಿಸಿದ್ದೆ. ಇದನ್ನು ಹೇಳಿಕೊಳ್ಳಲು ಯಾವ ಭಾಷೆಯಲ್ಲಿ ಶುರುಮಾಡಬೇಕೆಂದು ತಿಳಿಯಲಿಲ್ಲ.

ಎರಡು ದಿನ ಬಿಟ್ಟು, ಶಾಲೆ ಮುಗಿದ ಮೇಲೆ ಅವರ ಹೊಲದ ಮನೆಗೆ ನಡೆದುಕೊಂಡು ಹೋದೆ. ಆಯಿ ಅಂಗಳದಲ್ಲಿ ಕಾಲು ಚಾಚಿ ಕುಳಿತು ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಹುಡುಗಿಯ ಪಾದಗಳು ಬಾಗಿಲ ಮರೆಯಲ್ಲಿ ಕಂಡವು, ಮುಖ ಕಾಣಲಿಲ್ಲ. ಆಯಿ ಕುಳಿತುಕೊಳ್ಳಲು ಹೇಳಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ನೆಲದ ಮೇಲೆ ಕುಳಿತು ಒಂದು ತೆನೆ ಕೈಗೆತ್ತಿಕೊಂಡೆ. ನನಗೆ ಬಿಡಿಸಲು ಬರುವುದಿಲ್ಲವೆಂದು ಮೊದಲ ಸಾಲಿನಲ್ಲೇ ಅವಳಿಗೆ ಗೊತ್ತಾಯಿತು.

"ಹೆಬ್ಬಟ್ಟಲೇ ಒತ್ತರಿ ಅಕ್ಕೋರ. ಉಗುರಲೇ ಅಲ್ಲ."

ತಪ್ಪು ನನ್ನದು, ಹುಡುಗಿಯದಲ್ಲ ಎಂದೆ. ನಮ್ಮಲ್ಲಿ ಹೀಗೆ ಅಳುವ ರೂಢಿ ಇಲ್ಲ, ಹಾಗಾಗಿ ಗೊತ್ತಾಗಲಿಲ್ಲ ಎಂದೂ ಹೇಳಿದೆ.

"ನಿಮ್ಮಪ್ಪ ಅದಾನೇನು?"

"ಇಲ್ಲ, ತೀರಿಕೊಂಡರು."

"ಏನಂತ ಅತ್ತಿರಿ?"

"ಅಳಲಿಲ್ಲ ಆಯಿ. ಓದಿದೆವು."

ಅವಳ ಕೈ ನಿಂತಿತು. ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು. "ಅದೂ ಒಂದ ದಾರಿ ಬಿಡ್ರಿ," ಎಂದಳು, ಮತ್ತೆ ತೆನೆ ತೆಗೆದುಕೊಂಡಳು.

ನಾನು ಚೀಲದಿಂದ ಆ ಚಿತ್ರ ತೆಗೆದು ಅವಳ ಮುಂದೆ ಇಟ್ಟೆ. ಮೊಮ್ಮಗಳು ಇದನ್ನು ನೋಡಿಯೇ ನಿಮ್ಮ ಮಾತು ತೆಗೆದಳು ಎಂದೆ. ಆಯಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು.

"ಈಕಿ ಖರೆ ಅಳಾಕತ್ತಾಳ," ಎಂದು ಮುಂದಿನ ಸಾಲಿನ ಒಬ್ಬಳ ಮೇಲೆ ಬೆರಳಿಟ್ಟಳು. "ಈ ಹಿಂದಿನಾಕಿ ಮಂದಿ ನೋಡ್ಲಿ ಅಂತ ಅಳಾಕತ್ತಾಳ. ಈ ಸಣ್ಣದು ಕಲಿಯಾಕ ಬಂದೈತಿ." ಆಮೇಲೆ ಹಾಳೆಯ ಹಿಂದೆ ತಿರುಗಿಸಿ ನೋಡಿದಳು. "ಸತ್ತಾಂವ ಯಾರು?"

ನಾನು ಕೆಳಗಿನ ಎರಡು ಶಬ್ದ ಓದಿದೆ. ಅಲ್ಲಿ ಸತ್ತವನು ಇರಲಿಲ್ಲ.

"ಇಷ್ಟ ಮಂದಿ ಅಳಾಕತ್ತಾರ, ಯಾರಿಗಂತ ಬರದಿಲ್ಲೇನು?" ಅವಳಿಗೆ ಅದು ನಿಜಕ್ಕೂ ವಿಚಿತ್ರವೆನಿಸಿತ್ತು. ಬಾಗಿಲ ಮರೆಯ ಪಾದಗಳು ಒಂದು ಹೆಜ್ಜೆ ಮುಂದೆ ಬಂದವು.

ಆಮೇಲೆ ಆಯಿ ಹೇಳಿದ್ದನ್ನು ನಾನು ಬಸ್ಸಿನಲ್ಲಿ ಕುಳಿತು ಬರೆದುಕೊಂಡೆ. ಒಮ್ಮೆ ಧಾಟಿ ಹಿಡಿದು ಬಾಯಿಂದ ಬಂದ ಅಳು ಸುಮ್ಮನೆ ಹೋಗುವುದಿಲ್ಲ, ಅದಕ್ಕೊಬ್ಬ ಸತ್ತವನು ಬೇಕು. ಹುಡುಗಿ ಅಣ್ಣನಿಗೆಂದು ಹಾಡಿದ್ದನ್ನು ಅವನ ಮೇಲಿಂದ ತೆಗೆದು ನಿಜವಾಗಿ ಸತ್ತ ಯಾರಿಗಾದರೂ ಮುಟ್ಟಿಸಬೇಕು. ಅಲ್ಲಿಯವರೆಗೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ. ಈ ಕಡೆಯವರೆಲ್ಲ ಹೀಗೆ ನಂಬುತ್ತಾರೋ, ಇದು ಆ ಮುದುಕಿಯದೇ ನೇಮವೋ ನನಗೆ ಗೊತ್ತಿಲ್ಲ. ಊರಲ್ಲಿ ಸತ್ತವರಿಗೆಲ್ಲ ಅವರವರ ಮನೆಯವರು ಅತ್ತಾಗಿದೆ, ಇನ್ನೊಬ್ಬರ ಸತ್ತವರನ್ನು ಕೇಳಿ ಪಡೆಯುವಂತಿಲ್ಲ ಎಂದಳು.

ನಾನು ಚಿತ್ರವನ್ನು ತೋರಿಸಿ, ಈ ಸತ್ತವನಿಗೆ ಯಾರೂ ಉಳಿದಿಲ್ಲ ಎಂದೆ.

ಆಯಿ ಯೋಚಿಸಿದಳು. "ಆತು. ಖರೆ ಅವನ ಸುದ್ದಿ ತರ್ರಿ. ಮುಂಜಾನಿ ಎದ್ದ ಏನ ತಿಂತಿದ್ದ. ಕೈಯಾಗ ಏನ ಹಿಡೀತಿದ್ದ. ಯಾ ದಾರಿ ಹಿಡದ ದುಡ್ಯಾಕ ಹೋಗತಿದ್ದ. ಯಾರನ ಬಿಟ್ಟ ಹ್ವಾದ. ಏನ ಮಾಡೂದ ಉಳದಿತ್ತು. ಅವ್ವನ ಹೆಸರೇನು. ಇಷ್ಟ ಇಲ್ದ ಯಾರಿಗೂ ಅಳಾಕ ಬರೂದಿಲ್ರಿ. ಬಾಯಿ ಬಡಕೊಳ್ಳಾಕ ಬರತೈತಿ, ಅಳಾಕ ಬರೂದಿಲ್ಲ."

ಮರುದಿನ ತರಗತಿಯಲ್ಲಿ ಮೊದಲು ಇಪ್ಪತ್ತು ನೋಟ್‌ಬುಕ್ಕುಗಳ ಬಗ್ಗೆ ಮಾತಾಡಿದೆ. ತಪ್ಪು ನಾನು ಮಾಡಿದ್ದು ಎಂದು ಬೋರ್ಡಿನ ಮುಂದೆ ನಿಂತು ಹೇಳಿದೆ. ಮಕ್ಕಳು ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಆಯಿಯ ಪ್ರಶ್ನೆಗಳನ್ನು ಬರೆದೆ. ಈ ಉತ್ತರಗಳು ಸಿಕ್ಕರೆ ಅವಳು ಮತ್ತೆ ಶಾಲೆಗೆ ಬರುತ್ತಾಳೆ ಎಂದೆ. ಪರೀಕ್ಷೆಗೆ ಮುಂಚೆ ಉಳಿದದ್ದು ಎಂಟು ಮಧ್ಯಾಹ್ನಗಳು. ಅದರಲ್ಲಿ ಐದನ್ನು ಇದಕ್ಕೆ ಕೊಟ್ಟೆ. ಉಳಿದ ಮೂರರಲ್ಲಿ ಗೈಡಿನ ಪ್ರಶ್ನೋತ್ತರ ಬರೆಸುವುದೆಂದು ಹೆಡ್ ಮಾಸ್ತರರಿಗೆ ಹೇಳಿ ಒಪ್ಪಿಸಿದೆ. ಅವರು ಒಪ್ಪಿದರು ಎನ್ನುವುದಕ್ಕಿಂತ ಬೇಸತ್ತರು ಎನ್ನಬೇಕು.

ನೇಮ ಒಂದೇ. ಬಲಪುಟದಲ್ಲಿ ಬರೆಯುವ ಪ್ರತಿ ಸಾಲಿಗೂ ಎಡಪುಟದಲ್ಲಿ ಆಧಾರ ಇರಬೇಕು: ಪಠ್ಯಪುಸ್ತಕದ ಪುಟ, ಗ್ರಂಥಾಲಯದ ಕಪಾಟಿನ ಹಳೆಯ ವಿಶ್ವಕೋಶದ ಸಂಪುಟ, ಇಲ್ಲವೇ ನಾನು ಫೋನಿನಲ್ಲಿ ಹುಡುಕಿ ಬರೆದು ತಂದ ಹಾಳೆ. ಆಧಾರವಿಲ್ಲದ್ದಕ್ಕೆ ಪೆನ್ಸಿಲ್ಲಿನ ಗೀಟು.

ಗೋರಿಯ ಗೋಡೆ ದೊಡ್ಡವರದು. ಅಧಿಕಾರಿಗಳು, ಅರಮನೆಯವರು. ಅಂಥವನ ಮುಂಜಾನೆಯ ಊಟ ನಮಗೆ ಎಟುಕದು ಎಂದು ಮಕ್ಕಳೇ ಹೇಳಿದರು. ಗೋಡೆಯ ಹೆಂಗಸರು ಸಾವಾದ ಬೇರೆ ಮನೆಗಳಿಗೂ ಹೋಗುತ್ತಿರಬಹುದಲ್ಲ, ಆಯಿಯ ಹಾಗೆ? ಹಾಗಾದರೆ ಹೊಳೆಯ ದಂಡೆಯ ರೈತನೊಬ್ಬನನ್ನು ಹುಡುಕೋಣ ಎಂದರು. ಮೊದಲ ದಿನವೇ ಊಟದಲ್ಲಿ ಸಿಕ್ಕಿಬಿದ್ದೆವು. ಎಲ್ಲರೂ ರೊಟ್ಟಿ, ಮೆಣಸಿನಕಾಯಿ ಹಿಂಡಿ, ಖಾರಬ್ಯಾಳಿ ಬರೆದಿದ್ದರು.

"ಆ ಕಾಲದಲ್ಲಿ ಅಲ್ಲಿ ಮೆಣಸಿನಕಾಯಿ ಇರಲಿಲ್ಲ," ಎಂದೆ. "ಅದು ಬಹಳ ಆಮೇಲೆ ಅಮೆರಿಕದ ಕಡೆಯಿಂದ ಬಂದದ್ದು. ನಮ್ಮಲ್ಲಿಗೂ ಆಗಲೇ ಬಂದದ್ದು."

ತರಗತಿಗೆ ಇದು ಫರೋಹರ ಸಾವಿಗಿಂತ ದೊಡ್ಡ ಆಘಾತ. "ಮೆಣಸಿನಕಾಯಿ ಇಲ್ದ ಹೆಂಗ ಉಣತಿದ್ರ್ರೀ ಟೀಚರ್?" ಎಂದು ಒಬ್ಬ ಕೇಳಿದ. "ಅದಕ್ಕ ಸತ್ತಾನ," ಎಂದ ಪಕ್ಕದವನು.

ಜವೆಗೋದಿಯ ರೊಟ್ಟಿ, ಉಳ್ಳಾಗಡ್ಡಿ, ಹೊಳೆಯ ಮೀನು. ಇವು ಎಡಪುಟಕ್ಕೆ ಬಂದವು. ಉಳ್ಳಾಗಡ್ಡಿ ಸಿಕ್ಕಾಗ ಅವರಿಗೆ ಸಮಾಧಾನವಾಯಿತು, ಅದೊಂದು ತಮಗೆ ಗೊತ್ತಿರುವ ಊಟ. ಕೈಯಲ್ಲಿ ಕುಡುಗೋಲು, ಜೊಂಡು ಕೊಯ್ಯುವುದಕ್ಕೆ. ಹಸಿ ಮಣ್ಣಿನ ಇಟ್ಟಿಗೆಯ ಮನೆ, ಮೇಲೆ ಜೊಂಡಿನ ಹೊದಿಕೆ; ಹೊಳೆ ಏರುವ ಮುಂಚೆ ಹೊದಿಸುವುದೇ ಉಳಿದ ಕೆಲಸ, ಬಿಟ್ಟುಹೋದದ್ದು ಆ ಮನೆಯವರನ್ನು ಎಂದು ಬರೆದುಕೊಂಡೆವು. ಹೊಳೆಯ ವಿಷಯಕ್ಕೆ ಬಂದಾಗ ಒಂದಿಡೀ ಮಧ್ಯಾಹ್ನ ಹೋಯಿತು. ಅಲ್ಲಿ ಹೊಳೆ ವರ್ಷಕ್ಕೊಮ್ಮೆ ಏರಿ ಹೊಲಗಳ ಮೇಲೆ ಬರುವುದನ್ನು ಜನ ಕಾಯುತ್ತಿದ್ದರು, ಬಾರದ ವರ್ಷ ಹಸಿವು ಎಂದು ಓದಿದೆ. ಯಾರೂ ಬರೆದುಕೊಳ್ಳಲಿಲ್ಲ.

"ಹೊಳಿ ಬರ್ಲಿ ಅಂತ ಬೇಡಕೊಂತಿದ್ರೇನ್ರಿ?" ಎಂದಳು ಮುಂದಿನ ಬೆಂಚಿನವಳು. "ನಮ್ಮ ಮನಿ ಹೊಳಿನ ಒಯ್ದೈತ್ರಿ. ನಾವು ಬರಬ್ಯಾಡ ಅಂತ ಬೇಡಕೋತೇವಿ."

ನಾನು ಪಾಠದ ಹಾಳೆಯನ್ನು ಮಡಿಚಿಟ್ಟೆ. ಘಟಪ್ರಭೆ ನುಗ್ಗಿದ ವರ್ಷ ಯಾರ ಮನೆಯಲ್ಲಿ ಏನು ಹೋಯಿತು, ನೀರು ಇಳಿದ ಮೇಲೆ ಹೊಲದಲ್ಲಿ ಏನು ಉಳಿಯಿತು ಎಂದು ಒಬ್ಬೊಬ್ಬರೇ ಹೇಳಿದರು. ಉಳಿದದ್ದು ಕೆಸರು. ಅದೇ ಕೆಸರು ಅಲ್ಲಿ ಹೊಲಕ್ಕೆ ಗೊಬ್ಬರವಾಗಿತ್ತು. ಪುಸ್ತಕದ 'ನೈಲ್ ನದಿಯ ವರದಾನ' ಎಂಬ ಸಾಲಿನ ಪಕ್ಕದಲ್ಲಿ ಅವಳು ಪೆನ್ಸಿಲ್ಲಿನಲ್ಲಿ 'ಅಲ್ಲಿ ಅಷ್ಟೇ' ಎಂದು ಬರೆದಳು. ನಾನು ಅದನ್ನು ಅಳಿಸಲು ಹೇಳಲಿಲ್ಲ.

ನಾಲ್ಕನೆಯ ದಿನ ಉಳಿದದ್ದು ಅವ್ವನ ಹೆಸರು, ಅವನ ಹೆಸರು. ರಾಜರ ಹೆಸರುಗಳು ಪುಟದ ತುಂಬ ಇವೆ, ರಾಣಿಯರವೂ ಸಿಗುತ್ತವೆ. ಜೊಂಡು ಕೊಯ್ದವನದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಾನು ಮನೆಯಲ್ಲಿ ಮೂರು ಸಂಜೆ ಫೋನು ಹಿಡಿದು ಕುಳಿತೆ. ಕಣ್ಣು ಉರಿಯಿತು. ಕೆಲವು ಕೆಲಸಗಾರರ ಹೆಸರುಗಳು ಮಡಕೆಯ, ಕಲ್ಲಿನ ಚೂರುಗಳ ಮೇಲೆ ಉಳಿದಿವೆ ಎಂದು ಓದಿದೆ, ಆದರೆ ಅವರು ಕಲ್ಲು ಕಡಿಯುವವರು, ಬೇರೆ ಕಾಲದವರು, ನಮ್ಮವನಲ್ಲ.

"ರಾಜನ ಹೆಸರ ಇಟ್ಟಬಿಡೂಣ್ರಿ," ಎಂದ ತರಗತಿಯ ನಾಯಕ. "ಆಯಿಗೇನ ತಿಳೀತೈತಿ?"

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ದಿನ ಉಳಿದಿರಲಿಲ್ಲ. ಒಂದು ಹೆಸರು ಹೇಳಿದರೆ ಹುಡುಗಿ ಹೊಸ್ತಿಲು ದಾಟುತ್ತಾಳೆ, ಹೆಸರಿಲ್ಲ ಎಂದರೆ ಮುದುಕಿ ಆಗುವುದಿಲ್ಲ ಎನ್ನಬಹುದು. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದೆ. ಆ ಮಧ್ಯಾಹ್ನಗಳಲ್ಲಿ ಮೂವತ್ತೊಂದು ಮಕ್ಕಳು ಆಧಾರವಿಲ್ಲದ ತಮ್ಮದೇ ಸಾಲುಗಳಿಗೆ ತಾವೇ ಗೀಟು ಎಳೆದಿದ್ದರು. ಆರನೆಯ ಪ್ರಶ್ನೆಯ ಮುಂದೆ 'ಗೊತ್ತಾಗಿಲ್ಲ' ಎಂದು ಬರೆದೆ.

"ಹಂಗಾದ್ರ ಆಕಿ ಬರೂದಿಲ್ರಿ," ಎಂದ ನಾಯಕ.

"ಇರಬಹುದು," ಎಂದೆ.

ಈ ಅಳು ಶಾಲೆಯ ಸೂರಿನ ಕೆಳಗೆ ಆಗದು, ಮನೆಯ ಅಂಗಳದಲ್ಲೂ ಆಗದು ಎಂದು ಆಯಿ ಹೇಳಿಕಳಿಸಿದ್ದಳು. ಶನಿವಾರ ಮಧ್ಯಾಹ್ನ, ಕೊಯ್ದು ಬಿಟ್ಟ ಹೆಸರುಕಾಳಿನ ಹೊಲದ ಬದುವಿಗೆ ಬರಬೇಕು. ಹೆಡ್ ಮಾಸ್ತರರನ್ನು ಕೇಳಿದೆ. "ಸಾಲಿ ಬಿಟ್ಟ ಮ್ಯಾಲ ನೀವ್ ಎಲ್ಲಿ ಹೋಗತೀರಿ ಅನ್ನೂದ ನನಗ ಗೊತ್ತಿಲ್ಲ," ಎಂದರು. ಹನ್ನೊಂದು ಮಕ್ಕಳು ಬಂದರು. ಉಳಿದವರ ಮನೆಯಲ್ಲಿ ಕಳಿಸಲಿಲ್ಲ.

ಆಯಿ ಬದುವಿನ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಹುಡುಗಿ. ಹದಿನಾರು ದಿನಗಳಲ್ಲಿ ಅವಳು ತೆಳ್ಳಗಾಗಿದ್ದಳೋ, ಸಮವಸ್ತ್ರವಿಲ್ಲದ್ದಕ್ಕೆ ಹಾಗೆ ಕಂಡಳೋ. ನನ್ನನ್ನು ನೋಡಲಿಲ್ಲ. ಮಕ್ಕಳು ಸರದಿಯಲ್ಲಿ ತಮ್ಮ ಎಡಪುಟ ಓದಿದರು. ಆಯಿ ಪ್ರತಿಯೊಂದಕ್ಕೂ ತಲೆ ಆಡಿಸಿದಳು. ಉಳ್ಳಾಗಡ್ಡಿಗೆ "ಪಾಪ" ಎಂದಳು. ಮೆಣಸಿನಕಾಯಿ ಇಲ್ಲ ಎಂದಾಗ ಮತ್ತೊಮ್ಮೆ ಕೇಳಿಸಿಕೊಂಡಳು. ಕಡೆಗೆ ನಾಯಕ, ಹೆಸರು ಗೊತ್ತಾಗಿಲ್ಲ, ಅವ್ವನದೂ ಗೊತ್ತಾಗಿಲ್ಲ ಎಂದು ನೆಲ ನೋಡುತ್ತ ಹೇಳಿದ.

"ಹುಡುಕಿದ್ರೇನು?"

"ಹುಡುಕೇವಿ."

"ಟೀಚರ್ ಏನಂದ್ರು?"

"ರಾಜನ ಹೆಸರ ಇಡೂದ ಬ್ಯಾಡ ಅಂದ್ರು."

ಆಯಿ ನನ್ನ ಕಡೆ ನೋಡಿದಳು. "ಗೊತ್ತಿಲ್ಲ ಅಂದ್ರಲ್ಲ, ಸಾಕು. ಸುಳ್ಳ ಹೆಸರ ಹಚ್ಚಿದ್ರ ಮುಟ್ಟತಿದ್ದಿಲ್ಲ." ಆಮೇಲೆ ಮೊಮ್ಮಗಳಿಗೆ, "ನೀನ ಹಾಡಿದ್ದು, ನೀನ ಮುಟ್ಟಸು," ಎಂದಳು.

ಹು​ಡುಗಿ ಚೀಲದಿಂದ ಅಣ್ಣನ ಮೇಲೆ ಬರೆದಿದ್ದ ಆ ಹಾಳೆ ತೆಗೆದಳು. ಮನೆಯಲ್ಲಿ ಕುಳಿತೇ ಅವಳು ಅದನ್ನು ತಿದ್ದಿದ್ದಳು. ಗೆಳತಿಯರು ದಿನಾ ಸಂಜೆ ಹೋಗಿ ಅಂದಂದು ಸಿಕ್ಕದ್ದನ್ನು ಬಾಗಿಲ ಹೊರಗಿನಿಂದ ಹೇಳುತ್ತಿದ್ದರೆಂದು ನನಗೆ ಆಗಲೇ ತಿಳಿದದ್ದು. ಮಳೆಯಲ್ಲಿ ಹುಟ್ಟಿದ ಮರಿಗೆ ಕಂಬಳಿ ಹೊದಿಸಿ ತಾನು ತೊಯ್ಸಿಕೊಂಡ ಅಣ್ಣ ಎಂಬ ಸಾಲಿಗೆ ಗೀಟು ಬಿದ್ದಿತ್ತು. ಆ ನಾಡಿನಲ್ಲಿ ಮಳೆ ಅಪರೂಪ. ಅವಳು ಮಳೆ ತೆಗೆದಿದ್ದಳು, ಕಂಬಳಿ ತೆಗೆದಿದ್ದಳು.

"ಏನಾಗಬೇಕು ನಿನಗ ಅಂವ?" ಆಯಿ ಕೇಳಿದಳು.

"ಅಣ್ಣ."

"ಯಾ ಅಣ್ಣ?"

"ಹೊಳಿ ದಂಡಿ ಮ್ಯಾಲಿನಾಂವ. ಜೊಂಡ ಕೊಯ್ಯಾಂವ." ಅವಳ ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ಹೆಸರ ಗೊತ್ತಿಲ್ಲ."

ಅವಳು ಶುರುಮಾಡಿದಳು. ಉಳ್ಳಾಗಡ್ಡಿ ಮುರಿದು ಉಂಡು ಎದ್ದವನು, ಹೊಳೆ ಏರುವ ಮುಂಚೆ ಜೊಂಡು ತಂದು ಮನೆಗೆ ಹೊದಿಸುತ್ತೇನೆಂದವನು, ಅರ್ಧ ಹೊದಿಸಿ ಹೋದವನು. ಪ್ರತಿ ಸಾಲಿನ ಕಡೆಗೂ ಅಣ್ಣಾ ಎಂಬ ಕರೆ ಎಳೆದುಕೊಂಡು ಹೋಗುತ್ತಿತ್ತು. ಎರಡನೆಯ ಸಾಲಿನಿಂದ ಆಯಿ ದನಿ ಕೂಡಿಸಿದಳು. ಅವಳ ಕೈಗಳು ಮೇಲೆದ್ದವು, ಅಂಗೈ ಒಳಮುಖವಾಗಿ, ಚಿತ್ರದಲ್ಲಿ ಇರುವ ಹಾಗಲ್ಲ, ತನ್ನದೇ ರೀತಿಯಲ್ಲಿ. ಮಕ್ಕಳಲ್ಲಿ ಯಾರೂ ನಗಲಿಲ್ಲ. ಚುರಮುರಿ ತಿಂದ ಹುಡುಗ ಹೊಲದ ಕಡೆ ಮುಖ ತಿರುಗಿಸಿ ಕುಳಿತಿದ್ದ. ನಾನು ಬದುವಿನ ಕೊನೆಯಲ್ಲಿ ನಿಂತಿದ್ದೆ. ನನ್ನ ಒಳಗೂ ಏನೋ ಎದ್ದು ಬಂತು, ಆದರೆ ಅದಕ್ಕೆ ಧಾಟಿ ಗೊತ್ತಿರಲಿಲ್ಲ.

ಮುಗಿದ ಮೇಲೆ ಆಯಿ ಸೆರಗಿನಿಂದ ಮೊದಲು ಮೊಮ್ಮಗಳ ಮುಖ, ಆಮೇಲೆ ತನ್ನದು ಒರೆಸಿದಳು. ಎಲ್ಲರಿಗೂ ತಂಬಿಗೆಯಿಂದ ಕೈಗೆ ನೀರು ಹಾಕಿದಳು. ನನಗೂ ಹಾಕಿದಳು. "ಸೋಮವಾರ ಹೋಗು," ಎಂದಳು ಹುಡುಗಿಗೆ, ಅಷ್ಟೇ.

ನಾನು ಚೀಲ ಹೆಗಲಿಗೆ ಹಾಕಿಕೊಂಡು, ಬರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಆಯಿ ಅಂಗೈ ಎತ್ತಿ ತಡೆದಳು.

"ಅತ್ತ ಜಾಗಾದಿಂದ ಬರತೇನಿ ಅನಬಾರದ್ರಿ ಅಕ್ಕೋರ. ಸುಮ್ನ ಹೋಗ್ರಿ. ಹೊಳ್ಳಿ ನೋಡಬ್ಯಾಡ್ರಿ."

ಮಕ್ಕಳು ಊರ ಕಡೆ ಹೋದರು. ನಾನು ಬಸ್ ನಿಲ್ದಾಣದವರೆಗೆ ಒಬ್ಬಳೇ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವರಿಬ್ಬರೂ ಬದುವಿನ ಮೇಲೆ ಇದ್ದರೋ, ಎದ್ದು ಮನೆಗೆ ಹೋಗಿದ್ದರೋ ತಿಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ, ಪರೀಕ್ಷೆಗೆ ಮುಂಚೆ, ಹಾಜರಿ ಪುಸ್ತಕ ತೆರೆದೆ. ಅವಳು ಮೂರನೆಯ ಬೆಂಚಿನಲ್ಲಿ ಇದ್ದಾಳೆಂದು ಒಳಗೆ ಬರುವಾಗಲೇ ಕಂಡಿದ್ದೆ, ಆದರೂ ಹೆಸರುಗಳನ್ನು ಮೊದಲಿನಿಂದಲೇ ಕೂಗಿದೆ. ಅವಳ ಸಾಲಿನಲ್ಲಿ ಗೈರು ಗುರುತುಗಳು ಪುಟದ ಅರ್ಧದವರೆಗೆ ಹೋಗಿದ್ದವು. ಹೆಸರು ಕರೆದೆ.

"ಹಾಜರ್ ರಿ," ಎಂದಳು. ಕುಳಿತುಕೊಳ್ಳಲಿಲ್ಲ. "ಟೀಚರ್ ರಿ, ಆಯಿ ಹೇಳ್ಯಾಳ. ಇನ್ನ ಮುಂದ ಬರಸೂದಿದ್ರ, ಸತ್ತಾರೋ ಇಲ್ಲೋ ಮೊದಲ ಕೇಳಿ ಬರಸ್ರಿ ಅಂತ."

ತರಗತಿ ಬೆಂಚು ಬಡಿದು ನಕ್ಕಿತು. ಅವಳೂ ನಕ್ಕಳೆಂದು ದನಿಯಿಂದ ಗೊತ್ತಾಯಿತು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಂದಿನ ಹೆಸರು ಕರೆಯಲು ನನಗೆ ಆಗುತ್ತಿರಲಿಲ್ಲ.